ಗೆರೆಯ ತನಕ ಹಾಲು

ಹದಿನೇಳನೆಯ ನಳಿಕೆಯಲ್ಲಿ ಹಾಲು ಒಡೆದ ರೀತಿ ಚೇತನಕುಮಾರನಿಗೆ ಸರಿಕಾಣಲಿಲ್ಲ. ತಾಯಂದಿರ ಹಾಲಿಗೆ ಆಲ್ಕೊಹಾಲು ಬಿದ್ದರೆ ಅದು ವಿಭೂತಿಯ ಪುಡಿಯ ಹಾಗೆ ನುಣ್ಣಗೆ, ಕಂಡೂ ಕಾಣದಂತೆ ಚೂರಾಗುತ್ತದೆ. ಒಂದು ವರ್ಷದಿಂದ ಅದನ್ನೇ ನೋಡುತ್ತ ಬಂದ ಅವನ ಕಣ್ಣಿಗೆ ಆ ನಯವೇ ರೂಢಿಯಾಗಿತ್ತು. ಇದು ಹಾಗಲ್ಲ. ದಪ್ಪ ದಪ್ಪ ಗಡ್ಡೆಗಳು ಒಂದನ್ನೊಂದು ಹಿಡಿದುಕೊಂಡು ತಳಕ್ಕೆ ಹೋಗಿ ಕೂತವು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊರಗೆ ನವನಗರದ ಅಗಲವಾದ ರಸ್ತೆಯಲ್ಲಿ ಗಾಡಿಯವನೊಬ್ಬ ಧ್ವನಿವರ್ಧಕ ಹಚ್ಚಿಕೊಂಡು ಉಳ್ಳಾಗಡ್ಡಿ ಮಾರುತ್ತಿದ್ದ. ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿ ಸವಿತಾ ಏನೋ ಕೇಳಿದ್ದಳು, ಅವನು ಹೂಂ ಎಂದಿದ್ದ. ಏನು ಕೇಳಿದಳೆಂಬುದು ಮಾತ್ರ ಈಗ ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ. ಆ ಕಿರಿಕಿರಿ ಅಂಗಿಯೊಳಗೆ ಹೊಕ್ಕ ಜೋಳದ ಒಣ ರವದಿಯ ಚೂರಿನಂತೆ ಆಗಿನಿಂದ ಚುಚ್ಚುತ್ತಲೇ ಇತ್ತು, ಈಗ ಅದಕ್ಕೆ ಈ ಗಡ್ಡೆಗಳೂ ಸೇರಿಕೊಂಡವು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತ ಹೊಲಗಳಿಗೆ ಹೊಡೆಯುವ ಔಷಧ ಬಾಣಂತಿಯರ ಎದೆಹಾಲಿನಲ್ಲಿ ಎಷ್ಟು ಬಂದಿದೆ ಎಂದು ಅಳೆಯುವುದು ಅವನಿದ್ದ ಪ್ರಯೋಗಾಲಯ ಹಿಡಿದ ಕೆಲಸ. ಹಾಲಿನ ಕೊಬ್ಬನ್ನು ದ್ರಾವಕದಲ್ಲಿ ಮೇಲಕ್ಕೆತ್ತಬೇಕು, ಕೊಬ್ಬಿನೊಳಗೆ ಅಡಗಿ ಕೂತ ಔಷಧವನ್ನು ಬಿಳಿಯ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಸೋಸಿ ಬೇರೆ ಮಾಡಬೇಕು, ಆಮೇಲೆ ಒಂದು ಹನಿಯನ್ನು ಯಂತ್ರಕ್ಕೆ ಚುಚ್ಚಿದರೆ ಅದು ಪರದೆಯ ಮೇಲೆ ಒಂದೊಂದು ಔಷಧಕ್ಕೆ ಒಂದೊಂದು ಶಿಖರ ಬರೆಯುತ್ತದೆ. ನಿನ್ನೆ ಹದಿನೇಳನೆಯ ಹಾಲಿನಲ್ಲಿ ಇದ್ದಕ್ಕಿದ್ದಂತೆ ಒಂದು ಶಿಖರ ಉಳಿದವನ್ನೆಲ್ಲ ಕುಳ್ಳ ಮಾಡಿ ಎದ್ದು ನಿಂತಿತ್ತು. ಅವನು ಗಾಬರಿಯಾಗಿ ಇಳಕಲ್ಲಿನ ಆಶಾ ಕಾರ್ಯಕರ್ತೆ ಲಾಡಬಿಗೆ ಫೋನು ಮಾಡಿ, "ಆ ಬಾಣಂತಿ ಹಾಲು ಇನ್ನೊಮ್ಮೆ ಬೇಕಾಗಬಹುದು, ಸ್ವಲ್ಪ ಜಾಸ್ತಿ ಕಂಡೈತಿ" ಎಂದಿದ್ದ. ಇವತ್ತು ಉಳಿದ ಹಾಲನ್ನು ಮತ್ತೆ ಪರೀಕ್ಷೆಗೆ ಹಚ್ಚಿದಾಗ ಈ ಗಡ್ಡೆ. ಈ ಕೆಲಸಕ್ಕೆ ಬರುವ ಮೊದಲು ಅವನು ಒಂದು ಹಾಲಿನ ಡೇರಿಯ ಪರೀಕ್ಷಾ ಕೋಣೆಯಲ್ಲಿದ್ದವನು. ಹೀಗೆ ಗಡುಸಾಗಿ ಒಡೆಯುವ ಹಾಲು ಯಾವುದೆಂದು ಅವನ ಕೈಗೆ ಗೊತ್ತಿತ್ತು.

"ಎಮ್ಮಿ," ಎಂದು ಅವನು ಖಾಲಿ ಕೋಣೆಯಲ್ಲಿ ಗಟ್ಟಿಯಾಗಿಯೇ ಹೇಳಿದ.

ಮೊದಲು ಬಂದದ್ದು ಸಿಟ್ಟು. ಹೆಸರು ತಿಳಿಯದ, ಮುಖ ನೋಡದ ಒಬ್ಬ ಹೆಣ್ಣುಮಗಳು ತನ್ನನ್ನು ಮೋಸಗೊಳಿಸಿದಳೆಂಬ ಸಿಟ್ಟು. ಅದರಲ್ಲಿ ಮೋಸ ಹಿಡಿದುಬಿಟ್ಟೆನೆಂಬ ಸಣ್ಣ ಖುಷಿಯೂ ಬೆರೆತಿದ್ದುದು ಗೊತ್ತಾಗಿ ನಾಚಿಕೆಯಾಯಿತು. ಆದರೂ ನಳಿಕೆಯನ್ನು ಹಿಡಿದುಕೊಂಡೇ ಮೇಲಧಿಕಾರಿ ವಿಜಯಮಹಾಂತೇಶರ ಕೋಣೆಗೆ ಹೋದ. ಅವರು ಕನ್ನಡಕ ಹಣೆಗೇರಿಸಿ ನೋಡಿದರು, ನಕ್ಕರು. "ಎಮ್ಮೀ ಹಾಲು ಬೆರಸಿ ಕೊಟ್ಟಾಳಲ್ಲೋ! ತಗದು ಒಗಿ ಇದನ್ನ. ಆ ಲಾಡಬಿಗೆ ಹೇಳು, ಹಿಂತಾ ಮನೀಗೆ ಮತ್ತ ಹೋಗಬ್ಯಾಡ ಅಂತ. ಒಂದು ಹೋತಂದ್ರ ಏನೂ ಆಗೂದಿಲ್ಲ." ಅದು ಸರಿಯಾದ ಮಾತೇ ಆಗಿತ್ತು. ಬಾಗಿಲ ತನಕ ಬಂದವನು ತಿರುಗಿ, "ನಾನ ಒಮ್ಮೆ ಹೋಗಿ ಬರ್ತೇನಿ ಸರ" ಎಂದ. "ನೀ ಹೋಗಿ ಏನ್ ಮಾಡ್ತೀ?" ಎಂದು ಅವರು ಕೇಳಿದರು. ಫೋನಿನಲ್ಲಿ ತಾನಾಡಿದ 'ಜಾಸ್ತಿ' ಎಂಬ ಪದ ಆ ಮನೆಯಲ್ಲಿ ನಿನ್ನೆಯಿಂದ ಏನೇನಾಗಿದೆಯೋ ಎಂಬ ಅಳುಕು ಅವನಿಗಿತ್ತು.

ಬಸ್ಸಿನಲ್ಲಿ ನೀಲಿಯ ಮಂಜುಗಡ್ಡೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಶಿರೂರಿನಲ್ಲಿ ಹತ್ತಿದ ಮುದುಕನೊಬ್ಬ ಪಕ್ಕದಲ್ಲಿ ಕೂತು ಡಬ್ಬಿಯನ್ನು ಬೆರಳಿನಿಂದ ಬಾರಿಸಿ, "ಐಸ್‌ಕ್ರೀಮೇನ್ರಿ?" ಎಂದು ಕೇಳಿದ. "ಅಲ್ರಿ, ದವಾಖಾನಿದು." "ಔಷಧೇನ್ರಿ?" "ಹೌದ್ರಿ." ಇಷ್ಟು ದಿನವಾದರೂ ಎದೆಹಾಲು ಎಂಬ ಪದವನ್ನು ಗಂಡಸರೆದುರು ಆಡಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಕಾಗದದಲ್ಲಿ 'ಮಾನವ ಕ್ಷೀರ' ಎಂದು ಬರೆದು ಪಾರಾಗುತ್ತಿದ್ದ. ಕಿಟಕಿಯಾಚೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು, ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಇಬ್ಬರು ಸಾಲು ಹಿಡಿದು ಔಷಧ ಹೊಡೆಯುತ್ತಿದ್ದರು, ಅವರ ಹಿಂದೆ ತೆಳ್ಳಗಿನ ಮಂಜು ಬಿಸಿಲಿನಲ್ಲಿ ಹೊಳೆದು ಇಲ್ಲವಾಗುತ್ತಿತ್ತು. ಆ ವಾಸನೆ ಬಸ್ಸಿನೊಳಗೂ ಬಂತು, ಯಾರೂ ಮೂಗು ಮುಚ್ಚಲಿಲ್ಲ. ನಾಲ್ಕು ವರ್ಷದ ಹಿಂದೆ ಬಾದಾಮಿಯಲ್ಲಿ ಸವಿತಾಳ ತವರಿನ ಬಾಣಂತಿ ಕೋಣೆಯಲ್ಲೂ ಒಂದು ವಾಸನೆಯಿತ್ತು, ಬೆಳ್ಳುಳ್ಳಿ, ಸಬ್ಬಸಿಗೆ, ಲೋಬಾನದ ಹೊಗೆ. ಮಗಳು ದಾನೇಶ್ವರಿ ಹುಟ್ಟಿ ಹದಿನೈದು ದಿನವಾಗಿರಬೇಕು. ಕೂಸು ಅಳುತ್ತಿತ್ತು. ಅತ್ತೆ ಹಾಲು ಹೆಚ್ಚಲೆಂದು ಅಳವಿ ಬೀಜದ ಪಾಯಸ ಮಾಡಿ ಮಾಡಿ ತಂದಿಡುತ್ತಿದ್ದರು. ಪಕ್ಕದ ಬನಶಂಕರಿಯಿಂದ ಬಂದ ಯಾರೋ ದೊಡ್ಡವ್ವ ಸವಿತಾಳ ಸೆರಗಿನ ಕಡೆಗೇ ನೋಡುತ್ತ, "ಹಾಲ ಇಲ್ಲೇನs ನಿನಗ?" ಎಂದಿದ್ದಳು, ಸಂತೆಯಲ್ಲಿ ಆಕಳ ಕೆಚ್ಚಲು ನೋಡುವವರ ಧ್ವನಿಯಲ್ಲಿ. ಆಗ ಅವನು ಮಾಡಿದ್ದೇನು? ಡಬ್ಬಿಯ ಹಾಲಿನಪುಡಿ ತಂದು, ಅದರ ಮೈಮೇಲೆ ಅಚ್ಚಾದ ಕೊಬ್ಬು, ಸಸಾರಜನಕ, ಸಕ್ಕರೆಗಳನ್ನು ಓದಿ ಹೇಳಿ, "ಹೆಚ್ಚೂ ಕಡಿಮಿ ಎಲ್ಲಾ ಒಂದ ನೋಡು, ಚಿಂತಿ ಯಾಕ" ಎಂದಿದ್ದ. ಸಮಾಧಾನ ಹೇಳಿದೆನೆಂದೇ ತಿಳಿದಿದ್ದ. ಸವಿತಾ ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆ ಬಂದಿರಬೇಕು ಎಂದುಕೊಂಡು ಅವನು ದೀಪ ಆರಿಸಿದ.

ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಲಾಡಬಿ ಕಾಯುತ್ತ ನಿಂತಿದ್ದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಆ ಓಣಿಗಳಲ್ಲಿ ಅವಳ ಕೈ ಹಾಯದ ಬಾಣಂತನವಿಲ್ಲ. ಅವನು ಇಳಿಯುತ್ತಿದ್ದಂತೆ, "ನಿನ್ನಿ ಫೋನಿನ್ಯಾಗ ಏನ್ ಹೇಳಿದ್ರಿ ಸರ ನೀವು?" ಎಂದಳು. ನಮಸ್ಕಾರವೂ ಇಲ್ಲ. "ಜಾಸ್ತಿ ಐತಿ ಅಂದ್ರಿ. ನಾ ಆ ಬಾಣಂತಿ ಮಹಾನಂದಾಗ ಇನ್ನೊಮ್ಮೆ ಹಾಲು ಬೇಕಂತವ್ವಾ, ಏನೋ ಜಾಸ್ತಿ ಬಂದೈತಂತ ಅಂದೆ. ಅವರತ್ತಿ ಅಂಬವ್ವ ಬಾಗಿಲ ಸಂದ್ಯಾಗ ನಿಂತ ಕೇಳ್ಯಾಳ. ನಿನ್ನಿ ಸಂಜೀಲಿಂದ ಕೂಸಿಗೆ ಮೊಲಿ ಬಿಡಿಸ್ಯಾಳ್ರಿ! ವಿಷ ಐತಿ, ಮುಟ್ಟಸಬ್ಯಾಡ ಅಂತ. ನಾ ಹೋಗಿ ಹೇಳಿದ್ರ ನನ್ನ ಮಾತ ಕೇಳವಲ್ಲಳು, ಸಾಹೇಬ್ರು ಬಂದ ಹೇಳ್ಲಿ ಅಂತಾಳ."

"ಮತ್ತ ಕೂಸಿಗೆ ಏನ್ ಕೊಡಾಕ ಹತ್ಯಾರ?"

"ಏನ್ ಕೊಡ್ತಾರ? ಮನ್ಯಾಗ ಎಮ್ಮಿ ಐತಿ."

ಯಂತ್ರ ಬರೆದ ಆ ಎತ್ತರದ ಶಿಖರ ಯಾವ ಔಷಧದ್ದೆಂದು ಅವನಿಗೆ ಗೊತ್ತಿತ್ತು. ಹೊಲಕ್ಕೂ ಹೊಡೆಯುತ್ತಾರೆ, ದನಗಳ ಮೈಯ ಉಣ್ಣಿ ಸಾಯಲೆಂದೂ ಹಚ್ಚುತ್ತಾರೆ. ಶಿಖರವೆದ್ದದ್ದು ಆ ಎಮ್ಮೆಯ ಹಾಲಿನಿಂದಲೇ ಇದ್ದರೆ, ತಾಯಿಯ ಹಾಲಿನ ಹೆದರಿಕೆಯಿಂದ ಬಿಡಿಸಿ ಅದನ್ನೇ ಈಗ ಕೂಸಿನ ಬಾಯಿಗೆ ಹಾಕುತ್ತಿದ್ದಾರೆ. ಆಟೋದಲ್ಲಿ ಕೂತು ಅವನು ಲಾಡಬಿಗೆ ಗಡ್ಡೆಯ ಸಂಗತಿ ಹೇಳಿದ. ಅವಳು, "ಬೈಬ್ಯಾಡ್ರಿ ಸರ ಆಕಿಗೆ. ಸಣ್ಣ ಹುಡಿಗಿ" ಎಂದಳು. ತಾನು ಬೈಯಲು ಬಂದವನಂತೆ ಕಾಣುತ್ತೇನೆಯೇ ಎಂದುಕೊಂಡ. ಬೆಳಿಗ್ಗೆಯ ಸಿಟ್ಟಿನ ನೆನಪಾಗಿ ಬೇರೆ ಕಡೆ ನೋಡಿದ.

ಓಣಿಯ ಬಾಯಿಗೇ ಮಗ್ಗದ ಸಪ್ಪಳ ಕೇಳುತ್ತಿತ್ತು. ಮನೆಯೊಳಗೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಮಹಾನಂದಾಳ ಗಂಡ ಮಲ್ಲು ಕೆಂಪು ಸೆರಗಿನ ಸೀರೆ ನೇಯುತ್ತಿದ್ದ. ಇವರನ್ನು ಕಂಡು ಕೈ ನಿಲ್ಲಿಸಿ ತಲೆಯಾಡಿಸಿದ. ಕಂಬಕ್ಕೆ ಕಟ್ಟಿದ ತೊಟ್ಟಿಲಲ್ಲಿ ಎರಡು ತಿಂಗಳ ಹೆಣ್ಣುಕೂಸು ಅಳುತ್ತಿತ್ತು. ಬಹಳ ಹೊತ್ತು ಅತ್ತು ಧ್ವನಿ ಸೋತ ಅಳು. ಹಿತ್ತಲ ಬಾಗಿಲಿನ ಚೌಕಟ್ಟಿನಲ್ಲಿ ಎಮ್ಮೆಯ ಹಿಂಭಾಗ ಕಾಣುತ್ತಿತ್ತು, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುವ ಎಮ್ಮೆ. ಅಂಬವ್ವ ಹಿತ್ತಾಳೆಯ ಒಳಲೆಯಲ್ಲಿ ಹಾಲು ಹಿಡಿದುಕೊಂಡು ತೊಟ್ಟಿಲ ಪಕ್ಕ ನಿಂತಿದ್ದಳು. ರಾತ್ರಿ ನಿದ್ದೆಯಿಲ್ಲದ ಕಣ್ಣು. ಅವಳನ್ನು ಕ್ರೂರ ಅತ್ತೆಯೆಂದು ಕಲ್ಪಿಸಿಕೊಂಡು ಬಂದಿದ್ದ ಚೇತನಕುಮಾರನಿಗೆ ಆ ಕಣ್ಣು ನೋಡಿ ತಬ್ಬಿಬ್ಬಾಯಿತು.

"ಬರ್ರಿ ಸಾಹೇಬ್ರ. ಖರೆ ಹೇಳ್ರಿ," ಎಂದಳು ಅಂಬವ್ವ. "ನಮ್ಮ ಸೊಸಿ ಹಾಲಿನ್ಯಾಗ ವಿಷ ಐತೇನ್ರಿ?"

ಮಹಾನಂದಾ ಗೋಡೆಗೆ ಒರಗಿ ಕೂತು ರಾಟಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಕೂಸು ಅತ್ತಾಗಲೆಲ್ಲ ಅವಳ ಕೈಯಲ್ಲಿ ನೂಲು ಬಿಗಿಯುತ್ತಿತ್ತು, ಒಮ್ಮೆ ಹರಿದೂ ಹೋಯಿತು. ತಲೆಯೆತ್ತದೆ ಗಂಟು ಹಾಕಿ ಮತ್ತೆ ಸುತ್ತತೊಡಗಿದಳು. ಸತ್ಯ ಹೇಳಬೇಕೆಂದರೆ ಅವನು ಈಗ ಹೇಳಬೇಕಾದದ್ದು ಇಷ್ಟೇ: ನಿಮ್ಮ ಸೊಸೆ ಬಾಟಲಿಗೆ ಎಮ್ಮೆ ಹಾಲು ಬೆರೆಸಿದ್ದಾಳೆ. ಆ ವಾಕ್ಯ ಬಾಯಿಯಲ್ಲಿ ಸಿದ್ಧವಾಗಿಯೇ ಇತ್ತು. ಮಗ್ಗದಲ್ಲಿ ಮಲ್ಲು ಕಾಯುತ್ತಿದ್ದ, ಅಂಬವ್ವ ಕಾಯುತ್ತಿದ್ದಳು. ಬನಶಂಕರಿಯ ದೊಡ್ಡವ್ವನ ಧ್ವನಿ ಎಲ್ಲಿಂದಲೋ ಬಂದು ಅವನ ಕಿವಿಯಲ್ಲಿ ಹೊಕ್ಕಿತು.

"ಇಲ್ರೀ ಯವ್ವಾ. ತಪ್ಪು ನಮ್ದು," ಎಂದ. "ಬಾಟ್ಲಿ ಅದಲು ಬದಲಾಗೇತ್ರಿ ನಮ್ಮಲ್ಲೆ. ನಾ ನೋಡಿದ್ದು ನಿಮ್ಮ ಸೊಸಿ ಹಾಲು ಅಲ್ಲ."

"ಮತ್ತ ಯಾರದು?"

"ಎಮ್ಮೀದು. ನಮ್ಮಲ್ಲೆ ಎಲ್ಲಾ ನಮೂನಿ ಹಾಲೂ ಬರ್ತಾವ್ರಿ."

ರಾಟಿ ನಿಂತಿತು. ಮಹಾನಂದಾ ಅವನನ್ನು ನೋಡಿದಳು. ಅಷ್ಟು ನೇರವಾಗಿ ಯಾರೂ ಅವನನ್ನು ನೋಡಿ ಬಹಳ ದಿನವಾಗಿತ್ತು. ಇವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅವನು ದೃಷ್ಟಿ ತಪ್ಪಿಸಿ ಹಿತ್ತಲಿನ ಕಡೆ ಕೈ ಮಾಡಿ, ಆದಷ್ಟು ಸಹಜವಾಗಿ, "ಯವ್ವಾ, ಎಮ್ಮಿಗೆ ಉಣ್ಣಿ ಔಷಧ ಏನರ ಹಚ್ಚೀರೇನು? ಈ ಕಡೆ ಎಲ್ಲಾರೂ ಹಚ್ಚತಾರಲ್ಲ, ಅದಕ್ಕ ಕೇಳಿದೆ" ಎಂದ.

ಅಂಬವ್ವನ ಮುಖ ಸ್ವಲ್ಪ ಅರಳಿತು. "ಹಚ್ಚಲಾರದ ಬಿಡ್ತೇನೇನ್ರಿ? ದೀಪಾವಳಿ ಮುಂದ ಒಮ್ಮೆ ಮೈ ತುಂಬ ತಿಕ್ಕೇನಿ, ಮೊನ್ನಿ ಒಮ್ಮೆ ತಿಕ್ಕೇನಿ. ಒಂದ ಉಣ್ಣಿ ಉಳದಿಲ್ಲ ನೋಡ್ರಿ ಅದರ ಮೈಮ್ಯಾಲೆ."

"ಆ ಔಷಧ ತೊಗಲಿನ್ಯಾಗ ಇಳದು ಹಾಲಿಗೆ ಬರ್ತೈತಿ. ದೊಡ್ಡವರಿಗೆ ಚಾದಾಗ ಒಂದೀಟು ಹ್ವಾದ್ರ ಏನಾಗೂದಿಲ್ಲ, ಕೂಸಿಗೆ ಬ್ಯಾಡ. ಅದರ ಹಾಲs ಬ್ಯಾಡ ಅದಕ್ಕ ಆರು ತಿಂಗಳ ತನಕ. ನಿಮ್ಮ ಸೊಸೀದು ಕುಡಸ್ರಿ. ಅದಕ್ಕಿಂತ ಚಲೋ ಹಾಲು ನಮ್ಮ ಯಾ ಬಾಟ್ಲ್ಯಾಗೂ ಇಲ್ಲ."

ಅಂಬವ್ವ ಒಳಲೆಯನ್ನು ನೋಡಿದಳು, ಎಮ್ಮೆಯನ್ನು ನೋಡಿದಳು. ಹಿತ್ತಲಿಗೆ ಹೋಗಿ ಒಳಲೆಯ ಹಾಲನ್ನು ಚೆಲ್ಲಿ ಬಂದಳು. ಬಂದವಳು ತೊಟ್ಟಿಲಿನಿಂದ ಕೂಸನ್ನೆತ್ತಿ ಸೊಸೆಯ ಮಡಿಲಿಗೆ ಹಾಕಿ, "ಹೋಗ, ಒಳಗ ಹೋಗಿ ಕುಡಸು" ಎಂದಳು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡಳು. ಬಣ್ಣದ ನೂಲಿನ ಲಡಿಗಳು ತೂಗುಬಿದ್ದ ಒಳಕೋಣೆಯಲ್ಲಿ ಅಳು ಒಮ್ಮೆ ಜೋರಾಗಿ ಎದ್ದು ಥಟ್ಟನೆ ನಿಂತಿತು. ಆ ನಿಶ್ಶಬ್ದವನ್ನು ಮನೆಯವರೆಲ್ಲ ಒಂದು ಗಳಿಗೆ ಕೇಳಿಸಿಕೊಂಡರು. ಮಲ್ಲು ಲಾಳಿ ಎಸೆದ, ಮಗ್ಗ ಮತ್ತೆ ನಡೆಯತೊಡಗಿತು.

ಚಹಾ ಕುಡಿದು ಹೊರಟಾಗ ಅವನು ಡಬ್ಬಿಯನ್ನು ಒಳಗೇ ಮರೆತಿದ್ದ. ಲಾಡಬಿ ಅಂಬವ್ವನ ಜೊತೆ ಲಸಿಕೆಯ ಮಾತಾಡುತ್ತ ಹಿಂದುಳಿದಿದ್ದಳು. ಮಹಾನಂದಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಡಬ್ಬಿಯನ್ನು ಹೊಸ್ತಿಲ ತನಕ ತಂದುಕೊಟ್ಟಳು.

"ಗೆರೀತನಕ ಬರಲಿಲ್ಲರಿ," ಎಂದಳು ಸಣ್ಣ ಧ್ವನಿಯಲ್ಲಿ. "ಬಾಟ್ಲಿಗೆ ಗೆರಿ ಇತ್ತಲ್ಲರಿ, ಅಲ್ಲೀತನಕ ಕೊಡಬೇಕಂದ್ರು. ಓಣ್ಯಾಗ ಎಲ್ಲಾರೂ ತುಂಬಿಸಿ ಕೊಟ್ಟಿದ್ರು. ನನಗ ಎಷ್ಟ್ ಹಿಂಡಿದ್ರೂ ತಳಾ ಮುಚ್ಚಲಿಲ್ಲ. ಬಾಗಿಲ ಹೊರಗ ಅತ್ತಿ ನಿಂತಿದ್ರು, ಆತೇನು ಆತೇನು ಅಂತ."

ಅವನಿಗೆ ಆ ಬಾಟಲಿಗಳು ಕಣ್ಣಿಗೆ ಕಟ್ಟಿದವು. ಪ್ರಯೋಗಾಲಯದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದರ ಮೇಲೂ ಐವತ್ತು ಮಿಲಿಯ ಮಟ್ಟಕ್ಕೆ ಕಪ್ಪು ಪೆನ್ನಿನಿಂದ ಗೆರೆ ಎಳೆದವನು ತಾನೇ. ಆ ಮಧ್ಯಾಹ್ನ ಸಿನಿಮಾ ಹಾಡೊಂದನ್ನು ಗುನುಗುತ್ತಿದ್ದ. ಐವತ್ತು ಎಂದು ಬರೆದದ್ದು ಯಾಕೆ? ಡೇರಿಯಲ್ಲಿ ಆಕಳ ಹಾಲಿಗೆ ಅಷ್ಟೇ ತೆಗೆದುಕೊಳ್ಳುತ್ತಿದ್ದರು. ಎರಡು ಸಲ ಪರೀಕ್ಷೆ ಮಾಡಿ ಮೇಲೆ ಸ್ವಲ್ಪ ಉಳಿಯಲಿ ಎಂದು. ಆಕಳು ಒಂದು ಹೊತ್ತಿಗೆ ಲೀಟರುಗಟ್ಟಲೆ ಕೊಡುತ್ತದೆ. ಐವತ್ತು ಮಿಲಿ ಅದಕ್ಕೆ ನೊಣ ಕೂತು ಎದ್ದ ಹಾಗೆ. ಮನುಷ್ಯರ ಹಾಲಿನ ಪದ್ಧತಿಯ ಕಾಗದ ತಯಾರಿಸುವಾಗ ಅದೇ ಸಂಖ್ಯೆಯನ್ನು ಅಲ್ಲಿಂದೆತ್ತಿ ಇಲ್ಲಿಟ್ಟಿದ್ದ, ಯಾರೂ ಪ್ರಶ್ನಿಸಿರಲಿಲ್ಲ.

"ಆ ಗೆರಿ ನಾ ಹೊಡದದ್ದು," ಎಂದ. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆದು ಮತ್ತೆ ಮುಚ್ಚಿದ.

ಮಹಾನಂದಾ ಅವನ ಮುಖ ನೋಡಿ, ಅವನನ್ನು ಸಮಾಧಾನ ಮಾಡುವ ಜವಾಬ್ದಾರಿ ತನ್ನ ಮೇಲೆ ಬಿತ್ತೆಂಬಂತೆ, "ಭಾಳ ನೆಟ್ಟಗ ಹೊಡದಿದ್ರಿ ಬಿಡ್ರಿ" ಎಂದಳು. ಆಮೇಲೆ ತನ್ನ ಮಾತಿಗೆ ತಾನೇ ನಕ್ಕು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಸಂಜೆ ಮನೆಗೆ ಬಂದಾಗ ಸವಿತಾ ಅಂಗಳದಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನಾಲ್ಕು ವರ್ಷದ ದಾನೇಶ್ವರಿ ಸೊಪ್ಪಿನ ಬೇರುಗಳನ್ನು ಸಾಲಾಗಿ ಮಲಗಿಸಿ ಹೊದಿಕೆ ಹೊದಿಸುತ್ತಿದ್ದಳು. ಅವನು ಚಪ್ಪಲಿ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ: ಗಡ್ಡೆ, ಎಮ್ಮೆ, ಒಳಲೆ, ಗೆರೆ. ಸವಿತಾ ಮೊದಮೊದಲು ನಗುತ್ತಿದ್ದಳು. ಮಹಾನಂದಾ ಹೊಸ್ತಿಲಲ್ಲಿ ಹೇಳಿದ್ದಕ್ಕೆ ಬಂದಾಗ ಸೋಸುವ ಕೈ ನಿಧಾನವಾಯಿತು.

"ನಾನೂ ಬೆರಸ್ತಿದ್ನಲ್ಲ," ಎಂದಳು.

"ಏನು?"

"ಬಾದಾಮ್ಯಾಗ. ಡಾಕ್ಟರು ಪಂಪ್ ಕೊಟ್ಟಿದ್ರಲ್ಲ, ಹಿಂಡಿ ಬಾಟ್ಲ್ಯಾಗ ಇಡ್ರಿ ಅಂತ. ಒಂದ್ ತಾಸು ಕುಂತ್ರೂ ನಾಕ ಹನಿ. ಅವ್ವ ಬಂದ ನೋಡಾಕಿ, ನೀ ಬಂದ ನೋಡಾಂವ. ಅದಕ್ಕ ಡಬ್ಬಿ ಪುಡಿ ಕಲಸಿ ಮ್ಯಾಲೆ ಹಾಕಿ ಇಡ್ತಿದ್ದೆ. ನೀ ಒಂದಿನ ಬಾಟ್ಲಿ ಬೆಳಕಿಗೆ ಹಿಡದು ನೋಡಿ, ಇವತ್ತ ಚಲೋ ಬಂದೈತಿ ಅಂತ ಎಷ್ಟು ಖುಷಿ ಪಟ್ಟಿ!"

ಅವಳು ನಗುತ್ತಲೇ ಹೇಳಿದಳು. ಅವನಿಗೆ ಆ ದಿನದ ಬಾಟಲಿ ನೆನಪಿತ್ತು. ನಿಜವಾಗಿಯೂ ಬೆಳಕಿಗೆ ಹಿಡಿದಿದ್ದ, ಇವತ್ತು ಬೆಳಿಗ್ಗೆ ನಳಿಕೆಯನ್ನು ಹಿಡಿದ ಹಾಗೆಯೇ. ಆಕಳ ಹಾಲು ಯಾವುದು, ಎಮ್ಮೆಯದು ಯಾವುದು, ಪುಡಿಯದು ಯಾವುದು ಎಂದು ನೋಡಿದೊಡನೆ ಹೇಳಬಲ್ಲವನು ಅವತ್ತು ಏನನ್ನೂ ನೋಡಿರಲಿಲ್ಲ, ನಿಶ್ಚಿಂತನಾಗಿ ಬಸ್ಸು ಹತ್ತಿ ಬಾಗಲಕೋಟೆಗೆ ಬಂದುಬಿಟ್ಟಿದ್ದ. ಆ ಬಾಟಲಿಯ ಹಿಂದೆ ಒಂದು ತಾಸು ಕೂತ ಸವಿತಾ ಇದ್ದಳು. ಕ್ಷಮೆ ಕೇಳಬೇಕೆನಿಸಿತು, ಹೇಗೆ ಕೇಳಬೇಕೆಂದು ತಿಳಿಯದೆ, ಮೊರದಿಂದ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಸೋಸತೊಡಗಿದ. "ಬೇರ ಅಲ್ಲೋ, ಎಲಿ ಬಿಡಿಸು," ಎಂದು ಸವಿತಾ ಅವನ ಕೈಯ ಮೇಲೆ ಹೊಡೆದಳು. ಹೊಡೆದ ಕೈ ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು. "ಆವಾಗ ಯಾಕ ಹೇಳಲಿಲ್ಲ?" ಎಂದು ಕೇಳಿದ. "ಹೇಳಿದ್ರ ನೀ ಮತ್ತ ಡಬ್ಬಿ ತಂದು ಓದತಿದ್ದಿ," ಎಂದಳು. ಆಮೇಲೆ, "ಮುಂಜಾನಿ ರವಿವಾರ ಎಲ್ಲ್ಯಾರ ಹೋಗೂಣೇನು ಅಂದ್ರ ಹೂಂ ಅಂದೀದಿ. ನೆನಪೈತಿಲ್ಲೊ?" ಎಂದಳು. ನೆನಪಿರಲಿಲ್ಲ ಎಂದು ಒಪ್ಪಿಕೊಂಡ. ಅದನ್ನಾದರೂ ಒಪ್ಪಿಕೊಂಡದ್ದಕ್ಕೆ ಅವನಿಗೆ ಹಗುರಾಯಿತು.

ಮರುದಿನ ವಿಜಯಮಹಾಂತೇಶರ ಮುಂದೆ ನಿಂತು, ಇನ್ನು ಮೇಲೆ ಒಬ್ಬ ತಾಯಿಯಿಂದ ಎರಡು ಮಿಲಿಗಿಂತ ಹೆಚ್ಚು ಕೇಳಬಾರದು ಎಂದ. ಅವರಿಗೆ ಸಿಟ್ಟು ಬಂತು. "ಎರಡ ಮಿಲಿಯೊಳಗ ಕೊಬ್ಬು ಎಷ್ಟ್ ಸಿಗ್ತೈತಿ? ಶಿಖರ ಕಾಣಸ್ತೈತೇನು? ಐವತ್ತು ಅಂತ ಬರದಾಂವ ನೀನ ಅಲ್ಲೇನಲೇ?"

"ಹೌದ್ರಿ ಸರ. ಆಕಳ ಹಾಲಿನ ಕಾಗದದಿಂದ ನಕಲು ಹೊಡದಿದ್ದೆ."

ಅವರು ಕನ್ನಡಕವನ್ನು ಹಣೆಗೇರಿಸಿದರು. "ಮಾಡಿ ತೋರಸು," ಎಂದರು.

ಅದು ಸುಲಭವಾಗಲಿಲ್ಲ. ಉಳಿದ ಬಾಟಲಿಗಳಲ್ಲಿ ಮಿಕ್ಕ ಹಾಲಿಗೆ ತನಗೆ ತಿಳಿದಷ್ಟು ಔಷಧ ತಾನೇ ಹಾಕಿ, ಹಾಕಿದಷ್ಟೂ ಮರಳಿ ಸಿಗುತ್ತದೆಯೇ ಎಂದು ನೋಡಬೇಕು. ಸಿಕ್ಕರೆ ಮಾತ್ರ ಪದ್ಧತಿ ನಂಬಲರ್ಹ. ಎರಡು ಮಿಲಿ ಹಾಲು, ಅದರ ಮೇಲೆ ದ್ರಾವಕ, ಅದರ ಮೇಲೆ ಒಣ ಉಪ್ಪುಗಳು. ಮುಚ್ಚಿ ಕುಲುಕಿದರೆ ಉಪ್ಪು ನೀರು ಹೀರಿ ಕೊಳವೆ ಅಂಗೈಯಲ್ಲಿ ಬೆಚ್ಚಗಾಗುತ್ತಿತ್ತು. ಆ ಬಿಸಿ ಬರೇ ರಸಾಯನದ್ದೆಂದು ಗೊತ್ತಿದ್ದೂ ಅವನು ಪ್ರತಿಸಲ ಕೊಳವೆಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಿದ್ದ. ಮೊದಲ ವಾರ ಕೊಬ್ಬು ಹಿಂದೆ ಬಂದು ಎಲ್ಲ ಶಿಖರಗಳನ್ನೂ ರಾಡಿ ಮಾಡಿತು. ಕೊಳವೆಗಳನ್ನು ಕೊರೆಯುವ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಕೊಬ್ಬು ಹೆಪ್ಪುಗಟ್ಟಿದ ಮೇಲೆ ತಿಳಿಯನ್ನಷ್ಟೇ ಎತ್ತಿ ನೋಡಿದ, ಹಾಕಿದ ಔಷಧದಲ್ಲಿ ಅರ್ಧ ಸಿಕ್ಕಿತು. ಸೋಸುವ ಪುಡಿ ಬದಲಿಸಿದ, ಹಾಳಾಯಿತು, ಮತ್ತೆ ಬದಲಿಸಿದ. ವಿಜಯಮಹಾಂತೇಶರು ಬೈಯುತ್ತಲೇ ಬಂದು ಪಕ್ಕದಲ್ಲಿ ನಿಲ್ಲತೊಡಗಿದರು. ಒಂದು ದಿನ ಕೋಟು ಬಿಚ್ಚಿ ತಾವೇ ಕುಲುಕಲು ಕೂತರು. ಕುಲುಕುತ್ತ, ಯಾರಿಗೋ ಎಂಬಂತೆ, ತುಳಸಿಗೇರಿಯಲ್ಲಿರುವ ಸ್ವಂತ ಅಕ್ಕ ಮೊದಲ ಹೆರಿಗೆಯಲ್ಲಿ ಹಾಲಿಲ್ಲವೆಂದು ಹೊತ್ತ ಹರಕೆಗಳ ಸಂಗತಿ ಹೇಳಿದರು. ಸಂಕ್ರಾಂತಿಯ ಹಿಂದುಮುಂದಿನ ಒಂದು ದಿನ ಪರದೆಯ ಮೇಲೆ ಶಿಖರಗಳು ಚೊಕ್ಕವಾಗಿ, ಒಂದರ ಮಗ್ಗುಲಿಗೆ ಒಂದು ಎದ್ದವು. ಹಾಕಿದ್ದು ಹೆಚ್ಚುಕಡಿಮೆ ಪೂರ್ತಿ ಮರಳಿ ಬಂದಿತ್ತು. ಅವನು ಹಳೆಯ ಕಾಗದದಲ್ಲಿ ಐವತ್ತನ್ನು ಹೊಡೆದುಹಾಕಿದ. ಹೊಡೆದ ಗೆರೆ ಸೊಟ್ಟಗಾಯಿತು.

ಮುಂದಿನ ರವಿವಾರ ಸವಿತಾಳನ್ನೂ ಮಗಳನ್ನೂ ಕರೆದುಕೊಂಡು ಇಳಕಲ್ಲಿಗೆ ಹೋದ. ಅಂಬವ್ವ ಅಂಗಳಕ್ಕೆ ಚಾಪೆ ಹಾಸಿದಳು. ದಾನೇಶ್ವರಿಯನ್ನು ಎಮ್ಮೆ ತೋರಿಸಲು ಹಿತ್ತಲಿಗೆ ಕರೆದುಕೊಂಡು ಹೋದಳು. ಈಗ ಅದಕ್ಕೆ ಬೇವಿನೆಣ್ಣೆ ತಿಕ್ಕುತ್ತಿದ್ದಳಂತೆ. ಸವಿತಾ ಒಂದು ಬೆರಳಿನಷ್ಟು ಉದ್ದದ ಸೀಸೆ ಹಿಡಿದುಕೊಂಡು ಮಹಾನಂದಾಳ ಜೊತೆ ಒಳಕೋಣೆಗೆ ಹೋದಳು. ಚೇತನಕುಮಾರ ಮಲ್ಲುವಿನ ಮಗ್ಗದ ಹತ್ತಿರ ಕೂತ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕುತ್ತಿದ್ದ ಮಲ್ಲು, ತಲೆಯೆತ್ತದೆ, "ಅವತ್ತ ನೀವು ಬಾಟ್ಲಿ ಅದಲು ಬದಲಾಗೇತಿ ಅಂದ್ರಲ್ಲರಿ," ಎಂದ. "ಹೌದ್ರಿ." ಮಲ್ಲು ಇನ್ನೆರಡು ಎಳೆ ಕೂಡಿಸಿದ. "ಆಕಿ ನನಗ ಆವತ್ತ ಹೇಳ್ಯಾಳ್ರಿ," ಎಂದ. "ಅವ್ವಗ ಹೇಳಿಲ್ಲ." ಒಳಗಿನಿಂದ ಹೆಂಗಸರಿಬ್ಬರ ಮೆಲುಮಾತು ಕೇಳುತ್ತಿತ್ತು, ಮಾತು ಯಾವುದೆಂದು ತಿಳಿಯುತ್ತಿರಲಿಲ್ಲ. ಬಾದಾಮಿ ಎಂಬ ಹೆಸರು ಒಮ್ಮೆ ಕಿವಿಗೆ ಬಿತ್ತು, ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ಸವಿತಾ ಹಾಗೆ ಹೊಟ್ಟೆಯಿಂದ ನಕ್ಕದ್ದನ್ನು ಅವನು ಮೊದಲು ಕೇಳಿದ್ದು ಯಾವಾಗ ಎಂದು ಯೋಚಿಸುತ್ತ ಕೂತ. ಎಷ್ಟು ಹೊತ್ತಾದರೂ ಆಗಲಿ ಎನಿಸಿತು.

ಅವತ್ತು ಮಹಾನಂದಾ ಕೊಟ್ಟ ಹಾಲಿನ ಫಲಿತಾಂಶ ಮುಂದಿನ ವಾರ ಬಂದಾಗ, ಮೊದಲ ಸಲ ಕಂಡ ಎತ್ತರದ ಶಿಖರದ ಸುಳಿವೇ ಇರಲಿಲ್ಲ. ಹಳೆಯ ಯಾವುದೋ ಔಷಧದ ಒಂದು ಗಿಡ್ಡ ಉಬ್ಬು ಮಾತ್ರ ಇತ್ತು, ಅದು ಅವನು ಪರೀಕ್ಷಿಸಿದ ಪ್ರತಿ ತಾಯಿಯ ಹಾಲಿನಲ್ಲೂ ಇತ್ತು. ಪ್ರಾಯಶಃ ಅವನ ತಾಯಿಯ ಹಾಲಿನಲ್ಲೂ ಇದ್ದಿರಬೇಕು. ಈ ಸಲ ಅವನು ಲಾಡಬಿಗೆ ಫೋನು ಮಾಡಿ ಪದಗಳನ್ನು ಆರಿಸಿ ಆರಿಸಿ ಹೇಳಿದ, ಅವಳಿಂದ ಮರಳಿ ಹೇಳಿಸಿ ಕೇಳಿದ.

ಆದರೆ ಆ ರವಿವಾರ ಅದ್ಯಾವುದೂ ಇನ್ನೂ ಗೊತ್ತಿರಲಿಲ್ಲ. ಮಹಾನಂದಾ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸೀಸೆ ಹಿಡಿದುಕೊಂಡು ಹೊರಗೆ ಬಂದಳು. ಅರ್ಧದ ಮೇಲೆ ತುಂಬಿತ್ತು. ನೀಲಿಯ ಛಾಯೆಯಿದ್ದ ತೆಳ್ಳಗಿನ ಹಾಲು.

"ಇಷ್ಟ ಸಾಕೇನ್ರಿ?"

"ಜಾಸ್ತಿನ ಆತು," ಎಂದ ಚೇತನಕುಮಾರ. ತನಗೆ ಬೇಕಾದಷ್ಟನ್ನು ಪಿಪೆಟ್ಟಿನಿಂದ ಎತ್ತಿ ಇನ್ನೊಂದು ಸೀಸೆಗೆ ಹಾಕಿ, ಮುಚ್ಚಳ ಬಿಗಿದು ಮಂಜುಗಡ್ಡೆಯಲ್ಲಿಟ್ಟ. ಮೊದಲ ಸೀಸೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಉಳದದ್ದು ಏನ್ ಮಾಡ್ತೀರಿ?"

ಉಳಿದದ್ದನ್ನು ಅವನು ಯಾವಾಗಲೂ ತೊಟ್ಟಿಗೆ ಸುರಿದು ಸೀಸೆ ತೊಳೆಯುತ್ತಿದ್ದ. ಅದನ್ನು ಹೇಳಲಾಗಲಿಲ್ಲ. "ಏನಿಲ್ರಿ," ಎಂದ.

"ಹಂಗಾರ ಕೊಡ್ರಿಲ್ಲೆ."

ಆ ಸೀಸೆ ಶುಚಿಯಾಗಿದೆಯೇ ಎಂಬ ಭಯ ಒಂದು ಗಳಿಗೆ ಅವನ ಎದೆಗೆ ತಗುಲಿತು. ತಾನೇ ಅದನ್ನು ತೊಳೆದು, ಬಿಸಿ ಒಲೆಯಲ್ಲಿಟ್ಟು ಕಾಯಿಸಿ, ಬೇರೆ ಬಟ್ಟೆಯಲ್ಲಿ ಸುತ್ತಿ ತಂದದ್ದು ನೆನಪಾಗಿ ಕೈ ಮುಂದೆ ಮಾಡಿದ. ಮಹಾನಂದಾ ಹೊಸ್ತಿಲ ಮೇಲೆ ಕೂತು ಕೂಸನ್ನು ಮೊಳಕಾಲ ಮೇಲೆ ಓರೆಯಾಗಿ ಮಲಗಿಸಿಕೊಂಡಳು. ಸವಿತಾ ಬಗ್ಗಿ ಕೂಸಿನ ತಲೆಗೆ ಕೈ ಕೊಟ್ಟಳು. ಸೀಸೆಯ ಅಂಚು ತುಟಿಗೆ ತಾಗುತ್ತಲೇ ಕೂಸು ಬಾಯಿ ತೆರೆಯಿತು, ಚಪ್ಪರಿಸಿತು, ಇನ್ನೂ ಬೇಕೆಂದು ಕಾಲು ಒದೆಯಿತು. ಎಲ್ಲ ಮುಗಿದ ಮೇಲೂ ಗಾಜಿನ ತಳದಲ್ಲಿ ಒಂದು ಹನಿ ಅಂಟಿಕೊಂಡಿತ್ತು. ಮಹಾನಂದಾ ಸೀಸೆಯನ್ನು ಪೂರ್ತಿ ತಲೆಕೆಳಗು ಮಾಡಿ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಹನಿ ಜಾರಿತು, ಅಂಚಿನಲ್ಲಿ ನಿಂತಿತು. ಮೂವರೂ ಕಾದರು. ಬಿತ್ತು.